ಡಾಕ್ಟರ್ ಸಾಹೇಬರ ಮಗಳು

ಮೇ ೨, ಶುಕ್ರವಾರ

ಹತ್ತನೇ ತರಗತಿಯ ಫಲಿತಾಂಶ ಬಂತು. ಮಗಳು ಆಮ್ರಪಾಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿದ್ದಾಳೆ. ಓಣಿಗೆಲ್ಲ ಪೇಢೆ ಹಂಚುವಷ್ಟಲ್ಲ, ಮುಖ ಮುಚ್ಚಿಕೊಳ್ಳುವಷ್ಟೂ ಅಲ್ಲ. ಮೀರಾಬಾಯಿಯ ಫೋನು ಬಂದಾಗ ನಾನು ಚಿಂತಾಕಿಯಲ್ಲಿ ಒಂದು ಹೋರಿಯ ಕಿವಿ ಹಿಡಿದು ನಿಂತಿದ್ದೆ. ಕಾಲುಬಾಯಿ ರೋಗದ ಲಸಿಕೆಯ ಸುತ್ತು ನಡೆದಿದೆ. "ಛಲೋ ಆಯ್ತು" ಎಂದು ಫೋನು ಜೇಬಿಗೆ ಹಾಕಿದೆ. ಹೋರಿ ತಲೆ ಕೊಡವಿತು. ಖುಷಿಪಡಬೇಕಾದ ಹೊತ್ತು ಆ ಎಳೆದಾಟದಲ್ಲೇ ಮುಗಿದುಹೋಯಿತು.

ಚಿಂತಾಕಿಯಿಂದ ಟಂಟಂ, ಔರಾದಿನಿಂದ ಬಸ್ಸು, ಬೀದರ ಬಸ್‌ಸ್ಟ್ಯಾಂಡಿನಿಂದ ಮೈಲೂರಿಗೆ ಆಟೋ. ಮನೆ ಮುಟ್ಟಿದಾಗ ತಾಯಿ ಮಗಳು ಇಬ್ಬರೂ ಬಾಗಿಲಲ್ಲಿ ಕುಳಿತಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

"ನೀವೇ ಹೇಳ್ರಿ," ಎಂದಳು ಮೀರಾ. "ಆಕಿ ಪಿಯುಸಿ ಒಲ್ಲೆ ಅಂತಾಳ."

"ಒಲ್ಲೆ ಅಂದಿಲ್ಲ ಮಮ್ಮಿ. ಡಿಪ್ಲೋಮಾ ಮಾಡ್ತೇನಿ ಅಂದೀನಿ. ಪಪ್ಪಾ ಮಾಡಿದ್ದೇ."

ಹತ್ತನೇ ಮುಗಿಸಿದವರಿಗೆ ಪಶುಪಾಲನೆಯ ಎರಡು ವರ್ಷದ ಡಿಪ್ಲೋಮಾ ಇದೆ. ನನ್ನ ಕಾಲದಲ್ಲಿ ಅದಕ್ಕೆ ಬರೀ ತರಬೇತಿ ಎನ್ನುತ್ತಿದ್ದರು. ಅದನ್ನು ಮುಗಿಸಿ ನಾನು ಪಶುವೈದ್ಯಕೀಯ ಪರೀಕ್ಷಕನಾದೆ, ಇಲಾಖೆಯವರ ಬಾಯಲ್ಲಿ ಇನ್ಸ್‌ಪೆಕ್ಟರ್. ಪಿಯುಸಿಯಲ್ಲಿ ವಿಜ್ಞಾನ ಓದಿ, ಪ್ರವೇಶ ಪರೀಕ್ಷೆ ದಾಟಿ, ಮತ್ತೆ ಐದು ವರ್ಷಕ್ಕೂ ಮೇಲೆ ಓದಿದವರು ಪಶುವೈದ್ಯರಾಗುತ್ತಾರೆ. ಅವರು ನನ್ನ ಮೇಲಿನವರು.

"ಒಂದು ಮನಿಗಿ ಒಬ್ಬ ಇನ್ಸ್‌ಪೆಕ್ಟರ್ ಸಾಕು," ಎಂದಳು ಮೀರಾ.

ಇಬ್ಬರೂ ನನ್ನ ಕಡೆ ನೋಡಿದರು. ಅಂಗಿ ಬೆನ್ನಿಗೆ ಅಂಟಿತ್ತು. ಸ್ನಾನಕ್ಕೆ ಹೋದೆ.

ಮೇ ೫, ಸೋಮವಾರ

ಚಿಂತಾಕಿಯಲ್ಲಿ ಎಲ್ಲರೂ ನನ್ನನ್ನು ಡಾಕ್ಟರ್ ಎನ್ನುತ್ತಾರೆ. ಸೂಜಿ ಹಿಡಿದವನೆಲ್ಲ ಅಲ್ಲಿ ಡಾಕ್ಟರೇ. ಹೊಸತರಲ್ಲಿ ತಿದ್ದುತ್ತಿದ್ದೆ, ನಾನು ಡಾಕ್ಟರ್ ಅಲ್ಲ, ಇನ್ಸ್‌ಪೆಕ್ಟರ್ ಎಂದು. ಒಮ್ಮೆ ಒಬ್ಬ ಮುದುಕಿ ನನ್ನನ್ನು ಪೊಲೀಸಿನವನೆಂದು ತಿಳಿದು ಆಡನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕಿಕೊಂಡಳು. ಆಮೇಲೆ ತಿದ್ದುವುದನ್ನು ಬಿಟ್ಟೆ. ಬಿಟ್ಟದ್ದು ಯಾವ ವರ್ಷವೋ ನೆನಪಿಲ್ಲ.

ಇವತ್ತೂ ಮೀರಾ ಕೇಳಿದಳು. ನನಗೆ ಎರಡೂ ಒಂದೇ ಎಂದೆ. ಸುಳ್ಳಲ್ಲ. ಯಾವುದನ್ನು ಓದಿದರೂ ಬೆಳಿಗ್ಗೆ ಏಳಬೇಕು, ಬಸ್ಸು ಹಿಡಿಯಬೇಕು, ಯಾರದೋ ಸಹಿಗೆ ಕಾಯಬೇಕು. ಇದು ತಾಯಿ ಮಗಳ ನಡುವಿನ ಮಾತು. ಅವರೇ ಮುಗಿಸಿಕೊಳ್ಳಲಿ.

ಮೇ ೧೨, ಸೋಮವಾರ

ಬುದ್ಧ ಪೂರ್ಣಿಮೆ. ವಿಹಾರದಲ್ಲಿ ವಂದನೆ ಮುಗಿದು ಖೀರು ಹಂಚುವಾಗ ಎಲ್ಲರಿಗೂ ಒಟ್ಟಿಗೇ ಆಮ್ರಪಾಲಿಯ ಮುಂದಿನ ಓದು ನೆನಪಾಯಿತು. ಒಬ್ಬರು ನರ್ಸಿಂಗ್ ಎಂದರು. ಇನ್ನೊಬ್ಬರು ಐಟಿಐ ಮಾಡಿದರೆ ಕೈಯಲ್ಲಿ ಕಸುಬು ಇರುತ್ತದೆ ಎಂದರು. ಮೂರನೆಯವರು ಬೀದರದಲ್ಲಿ ಇಷ್ಟು ದೊಡ್ಡ ಕೋಚಿಂಗ್ ಕಾಲೇಜುಗಳಿರುವಾಗ ಎಂಬಿಬಿಎಸ್ ಬಿಟ್ಟು ಬೇರೆ ಮಾತೇ ಯಾಕೆ ಎಂದರು. ಅವರ ಮಗ ಎರಡನೇ ಸಲ ಅದರ ಪ್ರವೇಶ ಪರೀಕ್ಷೆ ಬರೆದು ಮನೆಯಲ್ಲಿ ಮಲಗಿದ್ದಾನೆ.

ಭಾಲ್ಕಿಯಿಂದ ತಂಗಿ ಶಾಲುಬಾಯಿ ಬಂದಿದ್ದಳು. "ನಮ್ಮ ಓಣ್ಯಾಗ ಒಬ್ಬ ಸೈನ್ಸ್ ತಗೊಂಡು ಫಿಜಿಕ್ಸ್‌ನಾಗ ಫೇಲಾಗಿ ಹೋದ. ಈಗ ಮೊಬೈಲ್ ಅಂಗಡ್ಯಾಗ ಗ್ಲಾಸ್ ಅಂಟಿಸ್ತಾನ. ಆದ್ರ ಮಾರಿ ಮ್ಯಾಲ ಕಳಿ ಅದ ನೋಡು ವೈನಿ."

"ನಿಮ್ಮ ಓಣಿ ಹುಡುಗನ ಕಳಿ ತಗೊಂಡು ನಾ ಏನ್ ಮಾಡ್ಲಿ," ಎಂದಳು ಮೀರಾ.

ಶಾಲು ಹುಡುಗಿಯ ಜಡೆ ಹಿಡಿದು ಜಗ್ಗಿದಳು. "ನಿನಗ ಅದೇ ಡಿಪ್ಲೋಮಾ ಯಾಕ ಬೇಕಾಗ್ಯಾದ?"

"ಪಪ್ಪಾಗ ನೋಡು ಅತ್ತಿ," ಎಂದಳು ಆಮ್ರಪಾಲಿ. "ಮಮ್ಮಿ ಸಾಲಿಯಿಂದ ಬಂದ್ಳಂದ್ರ ದಿನಾ ಒಬ್ಬರಿಗಿ ಬೈತಾಳ. ಒಂದಿನ ಹೆಡ್‌ಮಾಸ್ತರ್‌ಗ, ಒಂದಿನ ಬಿಸಿಯೂಟದಾಕಿಗಿ. ಪಪ್ಪಾ ಕೆಲಸದಿಂದ ಬಂದು ಪರೇಶಾನ ಆಗ್ಯಾದ, ಸಾಕಾಗ್ಯಾದ ಅಂದಿದ್ದು ನಾ ಒಮ್ಮಿನೂ ಕೇಳಿಲ್ಲ. ಅಂಥ ಕೆಲಸ ಬೇಕು ನನಗ."

ಎಲ್ಲರೂ ನಕ್ಕರು. ಮೀರಾ ಕೂಡ. ನನ್ನ ಖೀರಿನ ಮೇಲೆ ಕೆನೆ ಕಟ್ಟಿತ್ತು.

ಮೇ ೧೩, ಮಂಗಳವಾರ

ಪರೇಶಾನ ಎಂದಿಲ್ಲ, ನಿಜ. ಏನೂ ಎಂದಿಲ್ಲ.

ಮೇ ೨೦, ಮಂಗಳವಾರ

ಮೀರಾಳ ಉಪಾಯ: "ಒಂದೆರಡು ದಿನ ಸಂಗಟ ಕರ್ಕೊಂಡು ಹೋಗ್ರಿ. ಆ ಬಸ್ಸು, ಆ ಬಿಸಲು, ಆ ಸಗಣಿ ನೋಡಿದ್ರ ತಲಿಯಾಗಿಂದು ತಾನೇ ಇಳೀತದ."

ಕರೆದುಕೊಂಡು ಹೋದೆ. ಇಳಿಯಲಿಲ್ಲ. ಲಸಿಕೆಯ ಐಸ್ ಡಬ್ಬಿ ಅವಳೇ ಹೊತ್ತಳು. ಧೊಂಡಿಬಾನ ಕುರಿಹಟ್ಟಿಯಲ್ಲಿ ಒಂದೊಂದೇ ಕುರಿಯ ಹಿಂಗಾಲು ಹಿಡಿದು ನನ್ನ ಮುಂದೆ ನಿಲ್ಲಿಸಿದಳು. ಮೂಗು ಮುಚ್ಚಲಿಲ್ಲ. ಧೊಂಡಿಬಾ ಹಳೆಯ ಪರಿಚಯದವನು. ಕುರಿ ಮತ್ತು ಒಣಭೂಮಿ ಬಿಟ್ಟರೆ ಅವನ ಹತ್ತಿರ ಒಂದು ಮುರ್ರಾ ತಳಿಯ ಎಮ್ಮೆ ಇದೆ, ತುಂಬಿದ ಗಬ್ಬ. ಅದನ್ನೂ ತೋರಿಸಿದ.

"ಡಾಕ್ಟರ್ ಸಾಬ್, ಮಗಳಿಗೂ ಡಾಕ್ಟರ್ ಮಾಡ್ಲತ್ತೀರೇನು?"

ನಾನು ಬಾಯಿ ತೆರೆಯುವುದರೊಳಗೆ ಅವಳು, "ಹೌದು ಕಾಕಾ, ಪಪ್ಪಾನಂಗೇ," ಎಂದಳು.

ನಮ್ಮ ಪಶುಚಿಕಿತ್ಸಾ ಕೇಂದ್ರದ ಜವಾನ ಹಾವಗೆಪ್ಪ ಬೀಡಿ ಆರಿಸುತ್ತ, "ಅಪ್ಪ ಇಲ್ಲೇ, ಮಗಳೂ ಇಲ್ಲೇ. ಇನ್ನ ಸರ್ಕಾರದವರು ಈ ದವಾಖಾನಿ ನಿಮ್ಮ ಹೆಸರಿಗೇ ಬರದು ಕೊಡಬೇಕು," ಎಂದ.

ಬರುವಾಗ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು. ತೋಳು ಮರಗಟ್ಟಿತು. ಸಂತಪುರ ದಾಟುವವರೆಗೂ ಹಾಗೇ ಇಟ್ಟುಕೊಂಡಿದ್ದೆ.

ಮೇ ೨೩, ಶುಕ್ರವಾರ

ಬರೆಯುವ ಮನಸ್ಸಿಲ್ಲ. ಬರೆಯದೆ ಕೂರುವ ಮನಸ್ಸೂ ಇಲ್ಲ.

ಇವತ್ತೂ ಆಮ್ರಪಾಲಿ ಬಂದಿದ್ದಳು. ಕೇಂದ್ರದ ಬೀಗ ತೆಗೆಯುವಾಗಲೇ ಧೊಂಡಿಬಾನ ಹೆಂಡತಿ ಲಲಿತಾಬಾಯಿ ಓಡುತ್ತ ಬಂದಳು. ಎಮ್ಮೆ ನಸುಕಿನಿಂದ ಏಳುತ್ತದೆ, ಕೂರುತ್ತದೆ, ಬಾಲ ಎತ್ತುತ್ತದೆ, ಮುಕ್ಕರಿಯುತ್ತದೆ. ನೀರಿನ ಚೀಲ ಹೊರಗೆ ಬಂದಿಲ್ಲ.

ಹೋದೆವು. ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು, ಎಣ್ಣೆ ಸವರಿ ಕೈ ಒಳಗೆ ಹಾಕಿದೆ. ದಾರಿ ನೆಟ್ಟಗಿರಲಿಲ್ಲ. ಒದ್ದೆ ಬಟ್ಟೆಯನ್ನು ಹಿಂಡಿದಾಗ ಬೀಳುವಂಥ ಮಡಿಕೆಗಳು ಬೆರಳಿಗೆ ಸಿಕ್ಕವು. ಗರ್ಭ ತಿರುಚಿಕೊಂಡಿತ್ತು. ಎಮ್ಮೆಗಳಲ್ಲಿ ಇದು ಆಗುತ್ತದೆ. ಎಮ್ಮೆಯನ್ನು ಮಗ್ಗುಲಾಗಿ ಕೆಡವಿ, ಹೊಟ್ಟೆಯ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಒಬ್ಬರನ್ನು ನಿಲ್ಲಿಸಿ, ಉಳಿದವರು ಕಾಲು ಹಿಡಿದು ಅದನ್ನು ಹೊರಳಿಸಬೇಕು. ಹಲಗೆಯ ಭಾರಕ್ಕೆ ಗರ್ಭ ಇದ್ದಲ್ಲೇ ಉಳಿಯುತ್ತದೆ, ಮೈ ತಿರುಗುತ್ತದೆ, ತಿರುಚು ಬಿಡುತ್ತದೆ. ಎಷ್ಟೋ ಸಲ ನೋಡಿದ್ದೇನೆ. ಕಾಲು ಹಿಡಿದಿದ್ದೇನೆ. ಆದರೆ ಮೊದಲು ತಿರುಚು ಬಲಕ್ಕಿದೆಯೋ ಎಡಕ್ಕಿದೆಯೋ ತಿಳಿಯಬೇಕು. ಅದು ತಿರುಗಿದ ಕಡೆಗೇ ಎಮ್ಮೆಯನ್ನು ಹೊರಳಿಸಬೇಕು. ವಿರುದ್ಧ ಹೊರಳಿಸಿದರೆ ಗಂಟು ಇನ್ನೂ ಬಿಗಿಯುತ್ತದೆ.

ಮತ್ತೆ ಕೈ ಹಾಕಿದೆ. ಮಡಿಕೆಗಳು ಸಿಕ್ಕವು. ಅವು ಯಾವ ಕಡೆ ಇಳಿಯುತ್ತಿದ್ದವು?

ಲಲಿತಾಬಾಯಿ ಆಗಲೇ ಬಾಗಿಲ ಹಲಗೆಯೊಂದನ್ನು ಎಳೆದು ತಂದಿದ್ದಳು. "ನಮ್ಮ ಅವ್ವನ ಮನ್ಯಾಗ ಹಿಂಗೇ ಹೊಳ್ಳಿಸಿದ್ರು. ಎಮ್ಮಿ ಕೆಡವಲೇನ್ರಿ?"

"ಡಾಕ್ಟರ್‌ಗ ಫೋನ್ ಮಾಡ್ತೇನಿ," ಎಂದೆ. "ಅವರು ಬರಲಿ."

ಧೊಂಡಿಬಾ ನನ್ನನ್ನು ನೋಡಿದ. "ಡಾಕ್ಟರ್ ನೀವೇ ಅಲ್ಲೇನ್ರಿ?"

ಔರಾದಿನ ಪಶುವೈದ್ಯರು, ಡಾ. ಗೌರವ, ಬೀದರದಲ್ಲಿ ಮೀಟಿಂಗಿನಲ್ಲಿದ್ದರು. ಹೊರಟು ಬರುತ್ತೇನೆ ಎಂದರು. ನಾವು ಕಾದೆವು. ಎಮ್ಮೆ ಏಳುವುದನ್ನು ಬಿಟ್ಟಿತು. ಆಮ್ರಪಾಲಿ ಅದರ ತಲೆಯ ಹತ್ತಿರ ಕುಳಿತು ನೀರು ಹನಿಸುತ್ತಿದ್ದಳು. ನಡುನಡುವೆ ನನ್ನ ಕಡೆ ನೋಡುತ್ತಿದ್ದಳು. ನಾನು ರಸ್ತೆ ನೋಡುತ್ತಿದ್ದೆ.

ಗೌರವ ಬಂದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. ಕೈ ಹಾಕಿದರು. ಕಣ್ಣು ಮುಚ್ಚಿಕೊಂಡು ಬೆರಳಿನಿಂದ ಹುಡುಕಿದರು. "ಬಲಕ್ಕ," ಎಂದರು. ಬಲಮಗ್ಗುಲಿಗೆ ಕೆಡವಿದೆವು. ಹಲಗೆಯ ಮೇಲೆ ಧೊಂಡಿಬಾ ನಿಂತ. ಹಾವಗೆಪ್ಪ, ನಾನು, ಊರಿನ ನಾಲ್ಕು ಜನ ಕಾಲು ಹಿಡಿದೆವು. ಎರಡನೆಯ ಹೊರಳಿಗೆ ತಿರುಚು ಬಿಟ್ಟಿತು. ಕರು ಸತ್ತೇ ಹೊರಗೆ ಬಂತು. ಹೆಣ್ಣು ಕರು. ಎಮ್ಮೆ ಸಂಜೆಗೆ ಎದ್ದು ನಿಂತು ನೀರು ಕುಡಿಯಿತು.

ಗೌರವ ಕೈ ತೊಳೆಯುತ್ತ ನನ್ನನ್ನು ತೋರಿಸಿ ಧೊಂಡಿಬಾನಿಗೆ ಹೇಳಿದರು, "ನಾಗಸೇನ ಅವ್ರು ಅವಸರ ಮಾಡ್ಲಿಲ್ಲ, ಛಲೋ ಆಯ್ತು. ಇಂಥಾವು ನಾವೇ ಮಾಡಬೇಕು ಅಂತ ನಿಯಮ ಅದ. ಎಮ್ಮಿನಾದ್ರೂ ಉಳೀತು."

ಅವರು ಒಳ್ಳೆಯ ಮನುಷ್ಯ. ನನಗೊಬ್ಬ ಮಗನಿದ್ದಿದ್ದರೆ ಅವನಷ್ಟು ವಯಸ್ಸಿನವರು.

ಬಸ್ಸಿನಲ್ಲಿ ಆಮ್ರಪಾಲಿ ಕಿಟಕಿಯ ಪಕ್ಕ ಕುಳಿತು ಕೈಗೆ ಅಂಟಿದ್ದ ಸಗಣಿ ಒರೆಸಿಕೊಂಡಳು. ಆಮೇಲೆ ಕೇಳಿದಳು.

"ಆ ನಿಯಮ ಇರ್ಲಿಲ್ಲಂದ್ರ ನೀ ಮುಂಜಾನಿನೇ ಮಾಡ್ತಿದ್ದಿ. ಕರು ಉಳೀತಿತ್ತು. ಹೌದಲ್ಲ ಪಪ್ಪಾ?"

ಹೂಂ ಎಂದೆ ಅನಿಸುತ್ತದೆ. ಬಸ್ಸಿನ ಸದ್ದು ಬಹಳ ಇತ್ತು.

ಮೇ ೨೫, ಭಾನುವಾರ

ಮನೆಯಲ್ಲಿ ನಾನು ಹೊಸ ಮನುಷ್ಯನಾಗಿದ್ದೇನೆ. ಕೈ ಕಟ್ಟಿಹಾಕಿದ ನಿಯಮದ ಮುಂದೆ ತಾಳ್ಮೆಯಿಂದ ನಿಂತವನು. ಆಮ್ರಪಾಲಿ ಆ ಕತೆಯನ್ನು ಮೀರಾಳಿಗೆ ಹೇಳಿದಳು, ಶಾಲುಬಾಯಿಗೆ ಫೋನಿನಲ್ಲಿ ಹೇಳಿದಳು, ಎದುರು ಮನೆಯ ಮುನವ್ವರ ಬೇಗಂಗೆ ಮೆಟ್ಟಿಲ ಮೇಲೆ ಕುಳಿತು ಹೇಳಿದಳು. ಪ್ರತಿ ಸಲ ನಾನು ಒಂದಿಷ್ಟು ಎತ್ತರವಾಗುತ್ತಿದ್ದೆ. ಒಳಗಿನ ಕೋಣೆಯಿಂದ ಎಲ್ಲವೂ ಕೇಳುತ್ತಿತ್ತು.

"ನಮ್ಮ ಭಾಯಿಸಾಬ್‌ಗೆ ಇಲಾಜ ಎಲ್ಲಾ ಮಾಲೂಮ್ ಅದ, ಬರೀ ಕಾಗದ ಇಲ್ಲ," ಎಂದರು ಮುನವ್ವರ ಬೇಗಂ.

"ಕಾಗದಕ್ಕ ಏನ್ ಮಾಡೋದದ ಚಾಚಿ," ಎಂದಳು ನನ್ನ ಮಗಳು. "ನಾ ಆದ್ರ ನಿಯಮ ಗಿಯಮ ನೋಡಂಗಿಲ್ಲ. ಹಲಗಿ ಇಟ್ಟು ಹೊಳ್ಳಿಸಿಬಿಡ್ತೇನಿ."

ಯಾವ ಕಡೆ, ಎಂದುಕೊಂಡೆ.

ಮೇ ೨೭, ಮಂಗಳವಾರ

ಮೀರಾ ಒಪ್ಪಿದಳು.

ನಾನು ಇದನ್ನು ನಿರೀಕ್ಷಿಸಿರಲಿಲ್ಲ. ಊಟಕ್ಕೆ ಬಡಿಸುತ್ತ ಹೇಳಿದಳು, "ಮಾಡ್ಲಿ ಬಿಡ್ರಿ ಡಿಪ್ಲೋಮಾ. ನಾನೇ ತಪ್ಪು ತಿಳ್ಕೊಂಡಿದ್ದೆ. ಇನ್ಸ್‌ಪೆಕ್ಟರ್ ಅಂದ್ರ ಡಾಕ್ಟರ್ ಹಿಂದ ಡಬ್ಬಿ ಹೊತ್ಕೊಂಡು ತಿರಗೋದು ಅಂತ ತಿಳ್ದಿದ್ದೆ. ಇಷ್ಟೆಲ್ಲ ಬರ್ತದಂತ ನೀವಾದ್ರೂ ಒಮ್ಮೆ ಹೇಳಬಾರದಿತ್ತೇನು."

ಎರಡನೆಯ ರೊಟ್ಟಿ ಬೇಡ ಎಂದೆ. ಹಾಕಿದಳು.

ಅರ್ಜಿ ಬರುವ ವಾರ ಹಾಕುವುದೆಂದು ನಿರ್ಧಾರವಾಗಿದೆ. ತಿಂಗಳಿಡೀ ಎಳೆದಾಡುತ್ತಿದ್ದ ಮಾತು ಮುಗಿಯಿತು, ಮನೆ ತಣ್ಣಗಾಯಿತು. ನನಗೆ ಬೇಕಾಗಿದ್ದದ್ದು ಇದೇ. ಆದರೂ ಆ ಎರಡನೆಯ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಸೆಖೆಗೆ ಇರಬೇಕು.

ಮೇ ೨೯, ಗುರುವಾರ

ವರದಿ ಕೊಡಲು ಔರಾದಿಗೆ ಹೋಗಿದ್ದೆ. ಗೌರವ ಚಹಾ ತರಿಸಿದರು. ಎಡ ಬಲ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಕೇಳಬೇಕೆಂದು ಹೋಗಿರಲಿಲ್ಲ. ಬಾಯಿಗೆ ಬಂತು.

ಅವರು ನಗಲಿಲ್ಲ. ಮಡಿಕೆಗಳು ಮೇಲಿನಿಂದ ಯಾವ ಕಡೆ ಬಾಗಿ ಮುಂದಕ್ಕೆ ಇಳಿಯುತ್ತವೆ, ಅಂಗೈ ಯಾವ ಕಡೆ ಹೊರಳಿದರೆ ಸರಾಗ ಒಳಗೆ ಹೋಗುತ್ತದೆ ಎಂದೆಲ್ಲ ಹೇಳಿದರು. ಕಾಲೇಜಿನಲ್ಲಿ ತಮಗೂ ಮೊದಲ ನಾಲ್ಕಾರು ಸಲ ತಪ್ಪಿತ್ತಂತೆ. ಪಕ್ಕದಲ್ಲಿ ಗುರುಗಳು ನಿಂತಿರುತ್ತಿದ್ದರಂತೆ.

"ಹೇಳಿದ್ರ ತಿಳ್ಯಂಗಿಲ್ಲ ನಾಗಸೇನ ಅವ್ರೆ. ಮುಂದ ಇಂಥದ್ದು ಬಂದ್ರ ಮೊದಲು ನೀವು ಕೈ ಹಾಕ್ರಿ. ನಾ ಬಾಜೂಕ ಇರ್ತೇನಿ." ಆಮೇಲೆ, "ಇಷ್ಟ ದಿನ ಯಾಕ ಕೇಳಿಲ್ರಿ?"

ಚಹಾ ಚೆನ್ನಾಗಿತ್ತು ಎಂದೆ.

ಜೂನ್ ೨, ಸೋಮವಾರ

ಮೀರಾಳ ಶಾಲೆ ಶುರುವಾಗಿದೆ. ಅಷ್ಟೂರಿನಲ್ಲಿ ಅವಳನ್ನು ಬಿಟ್ಟು ಬರುವುದು, ಸಂಜೆ ಕರೆತರುವುದು ಆಮ್ರಪಾಲಿಯ ಕೆಲಸ. ಇವತ್ತು ರಜೆ ಹಾಕಿದ್ದೆ. ಸಂಜೆ ಸ್ಕೂಟಿಯ ಹಿಂದೆ ನಾನೂ ಕುಳಿತೆ. ಅವಳು ನಿಧಾನ ಓಡಿಸುತ್ತಾಳೆ. ಗುಂಡಿ ಬಂದಾಗಲೆಲ್ಲ "ಹಿಡ್ಕೋ ಪಪ್ಪಾ" ಎನ್ನುತ್ತಾಳೆ.

ಶಾಲೆ ಬಿಟ್ಟಿರಲಿಲ್ಲ. ಊರಿನ ಹಳೆಯ ಸುಲ್ತಾನರ ಗೋರಿಗಳ ಕಡೆಯ ಬೇವಿನ ನೆರಳಿನಲ್ಲಿ ಗಾಡಿ ನಿಲ್ಲಿಸಿ ಕುಳಿತೆವು. ಅವಳು ಡಿಪ್ಲೋಮಾದ ಹಾಸ್ಟೆಲ್ಲಿಗೆ ಏನೇನು ಒಯ್ಯಬೇಕು ಎಂದು ಹೇಳುತ್ತಿದ್ದಳು. ಬಕೆಟ್ಟು ಕೆಂಪು ಬೇಡವಂತೆ, ಎಲ್ಲರದೂ ಕೆಂಪೇ ಇರುತ್ತದಂತೆ.

"ಎಮ್ಮಿದು," ಎಂದೆ.

"ಹಾಂ?"

"ನನಗ ಬರ್ತಿರ್ಲಿಲ್ಲ."

"ಏನ್ ಬರ್ತಿರ್ಲಿಲ್ಲ?"

"ಬಲಕ್ಕ ತಿರುಗ್ಯಾದೋ ಎಡಕ್ಕ ತಿರುಗ್ಯಾದೋ. ಎರಡು ಸಲ ಕೈ ಹಾಕಿದೆ. ತಿಳೀಲಿಲ್ಲ."

ಅವಳು ನಕ್ಕಳು. ನಾನು ತಮಾಷೆ ಮಾಡುತ್ತೇನೆ ಎಂದುಕೊಂಡಿರಬೇಕು. ನನ್ನಿಂದ ಅಂಥದ್ದು ಎಂದೂ ಕೇಳಿದವಳಲ್ಲ, ಆದರೂ.

"ನಿಯಮ ಅದ ಅಂತಲ್ಲ."

"ನಿಯಮ ಅದ. ಅದಕ್ಕ ಕಾಯ್ಲಿಲ್ಲ ನಾ. ಬರಂಗಿಲ್ಲ ಅಂತ ಕಾದೆ. ನಿಯಮ ಇರ್ಲಿಲ್ಲಂದ್ರೂ ಕಾಯ್ತಿದ್ದೆ."

ಅವಳು ಚಪ್ಪಲಿಯ ತುದಿಯಿಂದ ಮಣ್ಣು ಕೆದರುತ್ತಿದ್ದಳು. ಕೆದರಿದ್ದನ್ನು ಮತ್ತೆ ಮುಚ್ಚಿದಳು.

"ಬಸ್ಸಿನ್ಯಾಗ ಹೂಂ ಅಂದಿ."

"ಅಂದೆ."

"ಧೊಂಡಿಬಾ ಕಾಕಾಗ ಗೊತ್ತದೇನು?"

"ಇಲ್ಲ."

"ಮಮ್ಮಿಗಿ?"

"ಇಲ್ಲ."

ಕಡೆಗೆ ಕೇಳಿದಳು, "ಡಿಪ್ಲೋಮಾದಾಗ ಅದನ್ನ ಕಲಿಸಂಗಿಲ್ಲೇನು?"

"ಈಗ ಏನ್ ಕಲಿಸ್ತಾರೋ ನನಗ ಪೂರಾ ಗೊತ್ತಿಲ್ಲ. ನನಗ ಹಿಡೀಲಾಕ ಕಲಿಸಿದ್ರು. ಸೂಜಿ ಹಾಕ್ಲಾಕ, ಗಾಯ ತೊಳೀಲಾಕ, ಗಬ್ಬ ಕಟ್ಟಿಸ್ಲಾಕ ಕಲಿಸಿದ್ರು. 'ಇಲ್ಲಿತನ ನಿಮ್ಮದು, ಮುಂದಿಂದು ಡಾಕ್ಟರ್‌ದು' ಅಂತಿದ್ರು. ಸಣ್ಣ ಕೆಲಸ ಅಲ್ಲ ಅದು. ಊರಿಗಿ ಬೇಕು. ಆದ್ರ ಆ ಗೆರಿ ಎಲ್ಲದ ಅಂತ ನೋಡಿ ಹೋಗು. ನನ್ನ ಮಾರಿ ನೋಡಿ ಹೋಗಬ್ಯಾಡ."

ಇನ್ನೂ ಏನೋ ಹೇಳಬೇಕಿತ್ತು. ಬಸ್ಸುಗಳ ಬಗ್ಗೆ, ಯಾರದೋ ಸಹಿಗೆ ಕಾದದ್ದರ ಬಗ್ಗೆ, ನನ್ನ ಬಾಯಿ ಯಾವಾಗ ಮುಚ್ಚಿತು ಎನ್ನುವುದರ ಬಗ್ಗೆ. ಅಷ್ಟರಲ್ಲಿ ಮೀರಾ ಛತ್ರಿ ಬಿಚ್ಚಿಕೊಂಡು ಬರುವುದು ಕಂಡಿತು. ದೂರದಿಂದಲೇ ಅಡುಗೆಯವಳನ್ನು ಬೈಯುತ್ತಿದ್ದಳು.

ಸ್ಕೂಟಿಯಲ್ಲಿ ಮೂವರಿಗೆ ಜಾಗವಿಲ್ಲ. ಅವರಿಬ್ಬರನ್ನು ಕಳಿಸಿ ನಾನು ಟಂಟಂನಲ್ಲಿ ಬಂದೆ.

ಜೂನ್ ೩, ಮಂಗಳವಾರ

ಆಮ್ರಪಾಲಿ ನನ್ನ ತಟ್ಟೆ ಇಟ್ಟು ಒಳಗೆ ಹೋದಳು.

ಜೂನ್ ೪, ಬುಧವಾರ

ಮೀರಾ ಕೇಳಿದಳು, "ಏನ್ ಹೇಳಿದ್ರಿ ಆಕಿಗಿ? ಎರಡು ದಿನ ಆಯ್ತು, ಒಬ್ಬರಿಗೂ ಎಮ್ಮಿ ಕತಿ ಹೇಳಿಲ್ಲ."

ಹೇಳಿದೆ. ಅವಳು ತೊಳೆಯುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು. ಬೈಯುತ್ತಾಳೆ ಎಂದು ಕಾದೆ. "ಅರ್ಜಿ ಹಾಕಿ ಆದಮ್ಯಾಲ ಹೇಳಿದ್ರ ಆಗ್ತಿರ್ಲಿಲ್ಲೇನು," ಎಂದಳು. ನಂತರ ತಟ್ಟೆ ಇಟ್ಟು, "ಆಗ್ತಿರ್ಲಿಲ್ಲ," ಎಂದು ತಾನೇ ಉತ್ತರ ಕೊಟ್ಟುಕೊಂಡಳು.

ಇವತ್ತು ಚಿಂತಾಕಿಯಲ್ಲಿ ಧೊಂಡಿಬಾ ಎದುರು ಸಿಕ್ಕ. ಎಮ್ಮೆ ಮೇಯುತ್ತಿದೆಯಂತೆ, ಹಾಲು ಕಡಿಮೆಯಂತೆ. ಅವನಿಗೂ ಹೇಳಿದೆ. ಅವನು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

"ನಿಮಗ ತಿಳೀಲಿಲ್ಲಂತ ನನಗ ಅವತ್ತೇ ತಿಳೀತು," ಎಂದ. "ಕೈ ಹೊರಗ ತಗದಾಗ ನಿಮ್ಮ ಮಾರಿ ನೋಡಿದೆ. ಹಂಗೇ ಹೊಳ್ಳಿಸ್ತೀರೇನೋ ಅಂತ ಹೆದರಿದ್ದೆ ನೋಡ್ರಿ ಡಾಕ್ಟರ್ ಸಾಬ್."

ಜೂನ್ ೬, ಶುಕ್ರವಾರ

ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಆಮ್ರಪಾಲಿ ಎದುರು ಬಂದು ನಿಂತಳು.

"ಪಿಯುಸಿ ಮಾಡ್ತೇನಿ. ಸೈನ್ಸ್. ಇಲ್ಲಿ ಅಲ್ಲ, ಭಾಲ್ಕ್ಯಾಗ. ಅತ್ತಿ ಮನ್ಯಾಗ ಇರ್ತೇನಿ. ಇಲ್ಲಿ ಇದ್ರ ಎಲ್ಲರೂ ಎಂಬಿಬಿಎಸ್ ಅಂತ ತಲಿ ತಿಂತಾರ. ನನಗ ದನದ ಡಾಕ್ಟರ್ ಆಗಬೇಕು."

"ಫಿಜಿಕ್ಸ್," ಎಂದೆ.

"ಬರಂಗಿಲ್ಲ."

"ಗೊತ್ತದ."

"ಫೇಲಾಗಿ ಹೋದ್ರ?"

ಹೋಗಬಹುದು. ಅದನ್ನು ನಾನು ಎರಡು ದಿನದಿಂದ ಬಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಡಿಪ್ಲೋಮಾ ಅವಳ ಕೈಗೆ ಸಿಗುವಂಥದ್ದಾಗಿತ್ತು. ಇದರಲ್ಲಿ ಎರಡು ವರ್ಷ, ಆಮೇಲೊಂದು ಪರೀಕ್ಷೆ, ಆಮೇಲೆ ಬೀದರದ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಬಾಗಿಲು ತೆರೆದರೆ ತೆರೆಯಿತು. ಗಟ್ಟಿ ನೆಲದ ಮೇಲೆ ನಿಂತವಳನ್ನು ನಾನೇ ಎಬ್ಬಿಸಿದ್ದೇನೆ. ನನಗೆ ಎರಡೂ ಒಂದೇ ಎಂದವನು.

"ಹೋಗಬಹುದು," ಎಂದೆ. "ಹೋದ್ರ ಆವಾಗೂ ಡಿಪ್ಲೋಮಾ ಅದ, ಬ್ಯಾರೇನೂ ಅದ. ಕುಂತು ವಿಚಾರ ಮಾಡೋಣು."

"ಹೂಂ," ಎಂದಳು. ನನ್ನ ಕಣ್ಣು ನೋಡಿ, "ಖರೇನೇ ಹೂಂ," ಎಂದಳು.

ಮೀರಾ ಒಳಗಿನಿಂದ, "ಭಾಲ್ಕಿ ಯಾಕ, ಇಲ್ಲೇನು ಕಾಲೇಜ್ ಸತ್ತಾವೇನು," ಎಂದು ಶುರು ಮಾಡಿದಳು. ಅದು ಊಟದವರೆಗೆ ನಡೆಯಿತು. ನಾನೂ ನಡುವೆ ಎರಡು ಮಾತು ಆಡಿದೆ.

ಜೂನ್ ೯, ಸೋಮವಾರ. ಭಾಲ್ಕಿ, ಶಾಲುಬಾಯಿಯ ಮನೆ

ಬೀದರಕ್ಕೆ ವಾಪಸು ಹೋಗಬೇಕಿತ್ತು. ಇಲ್ಲೇ ಉಳಿದಿದ್ದೇನೆ, ಹೇಗೆ ಎಂದು ಬರೆಯುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ಕಾಲೇಜಿನಲ್ಲಿ ಪ್ರವೇಶದ ಕೆಲಸ ಮುಗಿಯಿತು. ಹುಡುಗಿಯರ ಸಾಲು ಉದ್ದ ಇತ್ತು. ಆಮ್ರಪಾಲಿ ಬೆಳಿಗ್ಗೆ ಒಂದು ತಟ್ಟೆ ಮಂಡಕ್ಕಿ ಸೂಸಲಾ ತಿಂದದ್ದು, ಅದೂ ಅರ್ಧ. ನಡುವೆ ಬಾಳೆಹಣ್ಣು ಕೊಡಿಸಿದೆ. ಜೀವಶಾಸ್ತ್ರ ಕಲಿಸುವವರು ಯಾರು, ಪ್ರಯೋಗಾಲಯ ಎಲ್ಲಿದೆ ಎಂದು ಗುಮಾಸ್ತನನ್ನು ಕೇಳಿದೆ. "ಸಾಹೇಬ್ರ, ಓದೋರು ನೀವೋ ಮಗಳೋ?" ಎಂದ. ಹಿಂದಿನವರು ನಕ್ಕರು. ಫಿಜಿಕ್ಸ್ ಕಲಿಸುವವರನ್ನೂ ಹುಡುಕಿ ಮಾತಾಡಿಸಿದೆ. ಆಮ್ರಪಾಲಿ ನಾಚಿಕೆಯಿಂದ ದೂರ ಹೋಗಿ ನಿಂತಿದ್ದಳು.

ಬಸ್‌ಸ್ಟ್ಯಾಂಡಿಗೆ ಬಿಡಲು ಅವಳೂ ಬಂದಳು. ಬೀದರ ಬಸ್ಸು ನಿಂತಿತ್ತು, ಡ್ರೈವರ್ ಚಹಾಕ್ಕೆ ಹೋಗಿದ್ದ. ಕಲ್ಲು ಬೆಂಚಿನ ಮೇಲೆ ಕುಳಿತೆವು. ಮಳೆಗಾಲದ ಮೊದಲ ಮೋಡ, ಮಳೆ ಇಲ್ಲ, ಸೆಖೆ.

"ಪಪ್ಪಾ, ಅವತ್ತು ಕೈ ಹಾಕಿದಾಗ ಏನ್ ಸಿಕ್ತು ನಿನಗ?"

"ಮಡಿಕಿ."

"ಹ್ಯಾಂಗಿತ್ತು?"

ಹೇಗೆ ಹೇಳುವುದು. ಶಾಲು ಬೀದರಕ್ಕೆಂದು ಬಟ್ಟೆಯ ಚೀಲದಲ್ಲಿ ಕಾಯಿಪಲ್ಯ ಕಟ್ಟಿಕೊಟ್ಟಿದ್ದಳು. ಅದನ್ನು ಬೆಂಚಿನ ಮೇಲೆ ಸುರಿದೆ. ಖಾಲಿ ಚೀಲದ ತಳ ಹಿಡಿದು ತಿರುವಿದೆ. ಬಾಯಿಂದ ತಳದವರೆಗೆ ಮಡಿಕೆಗಳು ಬಿದ್ದವು. ನಾನು ಯಾವ ಕಡೆ ತಿರುವಿದೆ ಎಂದು ಕಾಣದಂತೆ ಟವೆಲ್ ಮುಚ್ಚಿ ಮೊಣಕಾಲಿಗೆ ಒತ್ತಿ ಹಿಡಿದುಕೊಂಡೆ.

"ಕೈ ಹಾಕು."

ಅವಳು ಆ ಕಡೆ ಈ ಕಡೆ ನೋಡಿದಳು. ಬದನೆಕಾಯಿಗಳ ಪಕ್ಕದಲ್ಲಿ ಕುಳಿತ ನಮ್ಮನ್ನು ಒಬ್ಬ ಮುದುಕ ಆಗಲೇ ನೋಡುತ್ತಿದ್ದ. ದುಪಟ್ಟಾ ಹೆಗಲಿಗೆ ಎತ್ತಿ ಕಟ್ಟಿ, ಚೀಲದ ಬಾಯಲ್ಲಿ ಕೈ ತೂರಿಸಿದಳು. ಕಣ್ಣು ಮುಚ್ಚಿದಳು. ಗೌರವ ಹೇಳಿದ್ದನ್ನೆಲ್ಲ ಹೇಳಿದೆ: ಅಂಗೈ ಯಾವ ಕಡೆ ಹೊರಳಿದರೆ ಸರಾಗ ಹೋಗುತ್ತದೆ ನೋಡು, ಅವಸರ ಮಾಡಬೇಡ, ಬೆರಳು ಬಿಗಿ ಹಿಡಿಯಬೇಡ.

ಡ್ರೈವರ್ ಬಂದ. ಕಂಡಕ್ಟರ್ ಬೀದರ, ಬೀದರ ಎಂದು ಕೂಗಿದ.

"ತಿಳೀವಲ್ದು," ಎಂದಳು.

"ನನಗೂ ತಿಳೀಲಿಲ್ಲ."

"ಸುಮ್ಮ ಇರು ಪಪ್ಪಾ."

ಬಸ್ಸು ಹಿಂದಕ್ಕೆ ಸರಿದು ತಿರುಗಿಕೊಂಡಿತು. ಅವಳು ಕಣ್ಣು ತೆರೆಯಲಿಲ್ಲ. ಚೀಲದೊಳಗೆ ಅವಳ ಕೈ ಸ್ವಲ್ಪ ಹೊರಳಿತು, ನಿಂತಿತು, ಮತ್ತೆ ಹೊರಳಿತು. ನಾನು ಚೀಲ ಬಿಗಿಯಾಗಿ ಹಿಡಿದುಕೊಂಡೇ ಇದ್ದೆ.